ಕಿನ್ನೌರಿನ ದಾರಿ ಕೇಳಿದ ಅಜ್ಜ

"ರಾಸ್ತಾ ಖುಲಾ ಹೈ ಕ್ಯಾ?" ಬಿಳಿಯ ಅಜ್ಜ ನನ್ನ ಕೈ ಹಿಡಿದು, ದಾರಿ ತೆರೆದಿದೆಯಾ ಎಂದು ಹಿಂದಿಯಲ್ಲಿ ಕೇಳಿದಾಗ ಕಕ್ಕಾಬಿಕ್ಕಿಯಾದೆ. 2014ರಲ್ಲಿ ಹೊರದೇಶದ ಟೌರಂಗಾ ಎಂಬ ಊರಿನ ವೃದ್ಧಾಶ್ರಮವೊಂದಕ್ಕೆ ನಾನು ನರ್ಸ್ ಆಗಿ ಆಗಷ್ಟೇ ಸೇರಿದ್ದೆ.

ನೋಡಲು ಬಂದಿದ್ದ ಅವರ ಮಗಳು ವಿವರಿಸಿದರು. ಮರೆವಿನ ಕಾಯಿಲೆಯ ಈ ಅಜ್ಜ ಬೆಳೆದದ್ದು ಹಿಮಾಲಯದ ಕಿನ್ನೌರಿನಲ್ಲಿ, ಹಸಿರು ಟೋಪಿಯ ಊರವರ ನಡುವೆ. ಅವರಪ್ಪ ಹಳೆಯ ಹಿಂದೂಸ್ತಾನ್-ಟಿಬೆಟ್ ರಸ್ತೆಯ ಎಂಜಿನಿಯರ್. ಹಿಮ ಬಿದ್ದು ದಾರಿ ಮುಚ್ಚಿದರೆ, ಅದು ಕರಗುವ ತನಕ ಅಪ್ಪ ಮನೆಗೆ ಬರುವಂತಿರಲಿಲ್ಲ.

ಮೈಸೂರಿನವಳಾದ ನಾನು ಹಿಮಾಲಯ ಕಂಡವಳಲ್ಲ. ಆದರೂ ಅವರಿಗೆ ಸಮಾಧಾನವಾಗಲೆಂದು, "ಖುಲಾ ಹೈ, ಅಂಕಲ್" ಎಂದೆ. ಅಜ್ಜನ ಮುಖ ಅರಳಿತು. ಬಾಗಿಲ ಕಡೆ ನೋಡಿದರು. ಆಮೇಲೆ, "ಹಾಗಾದ್ರೆ ಪಪ್ಪ ಯಾಕೆ ಬಂದಿಲ್ಲ?" ಎಂದು ಹಿಂದಿಯಲ್ಲೇ ಕೇಳಿ ಮಗುವಿನಂತೆ ಅತ್ತರು.

ನನ್ನ ಮಾತಿನಿಂದ ಅವರಿಗೆ ಒಳ್ಳೆಯದಾಯಿತೋ ನೋವಾಯಿತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.