ಫೈನಲ್ ನಿಲ್ಲಿಸಿದ ಬಾವುಟದಕ್ಕ

ಬೆಳಗಿನ ಐದೂಮುಕ್ಕಾಲು. ಗುಡ್ಡದ ನೆತ್ತಿಯ ಕಾವಲುಗೂಡಿನಲ್ಲಿ ಐವತ್ತೆಂಟರ ಹೆಂಗಸೊಬ್ಬರು ದುರ್ಬೀನಿನ ಗಾಜು ಒರೆಸಿ, ಕಡಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತಾರೆ. ಮತ್ತೆ ಬಲದಿಂದ ಎಡಕ್ಕೆ. ಎಲ್ಲೂ ದೋಣಿಯಿಲ್ಲವೆಂದು ಖಾತ್ರಿಯಾದ ಮೇಲೆ ದೋಣಿಗಳು ಇತ್ತ ಬರಬಾರದೆಂದು ಎಚ್ಚರಿಸುವ ಕೆಂಪು ಬಾವುಟ ಏರಿಸಿ, ವೈರ್‌ಲೆಸ್ಸಿನಲ್ಲಿ "ಶುರು ಮಾಡಿ" ಎನ್ನುತ್ತಾರೆ. ಕೆಳಗೆ ಮೊದಲ ಗುಂಡು ಹಾರುವುದು ಆಮೇಲೆಯೇ.

ಎರಡು ಸಾವಿರ ಜನರ ಈ ಪುಟ್ಟ ದ್ವೀಪದಲ್ಲಿ ರೈಫಲ್ ಕ್ಲಬ್ಬುಗಳು ಎರಡು, ಗುರಿಯ ಮೈದಾನ ಒಂದೇ. ಗುರಿಹಲಗೆಗಳ ಹಿಂದೆ ಮಣ್ಣಿನ ದಿಬ್ಬ, ಅದರಾಚೆ ಕಡಲು. ದಿಬ್ಬ ತಪ್ಪಿದ ಗುಂಡು ನೀರಿಗೆ ಬೀಳುತ್ತದೆ. ಆ ನೀರಿನಲ್ಲಿ ಯಾರೂ ಇಲ್ಲದಂತೆ ಕಾಯುವುದು ಇವರ ಕೆಲಸ. ವಾರಕ್ಕೆ ಮೂರು ದಿನ, ದಿನಕ್ಕೆ ಐದು ಗಂಟೆ, ಹೀಗೆ ಹತ್ತೊಂಬತ್ತು ವರ್ಷ. ಊರಿಗೆಲ್ಲ ಇವರು 'ಬಾವುಟದಕ್ಕ'. ಬಂದೂಕನ್ನು ಒಮ್ಮೆಯೂ ಮುಟ್ಟಿದವರಲ್ಲ. "ಅವರಿಗೆ ಗುರಿ ಕಂಡ್ರೆ ಸಾಕು, ನನಗೆ ಮಿಕ್ಕಿದ್ದೆಲ್ಲ ಕಾಣಬೇಕು," ಎಂದು ನಗುತ್ತಾರೆ.

ಮೂರು ವರ್ಷದ ಹಿಂದಿನ ಕಪ್ ಫೈನಲ್ ಮಾತೆತ್ತಿದರೆ ಮಾತ್ರ ಆ ನಗು ಮಾಯ. ಅಂದು ಕಣದಲ್ಲಿದ್ದವರು ಅವರ ಒಡಹುಟ್ಟಿದ ಅಣ್ಣ, ಊರಿನ ಬಡಗಿ. ಒಂಬತ್ತು ಗುಂಡು ನಟ್ಟನಡುವೆ ನೆಟ್ಟಾಗಿತ್ತು. ಗೆಲ್ಲಲು ಇನ್ನೊಂದು ಸಾಕಿತ್ತು. ಆಗಲೇ ಬಂಡೆಯ ಮರೆಯಿಂದ ದೋಣಿಯೊಂದು ತೇಲಿಬಂತು. ಒಳಗೆ ಯಾರೂ ಕಾಣಲಿಲ್ಲ. ಆದರೂ ಬಾವುಟದಕ್ಕ "ನಿಲ್ಲಿಸಿ" ಎಂದರು. ಖಾಲಿ ದೋಣಿ ತಾನೆ, ಒಂದೇ ಗುಂಡಿನ ಮಾತು ಎಂದು ಅಣ್ಣನ ಕ್ಲಬ್ಬಿನ ಕಾರ್ಯದರ್ಶಿ ಗೋಗರೆದರು. ಇವರು ಜಗ್ಗಲಿಲ್ಲ. ದೋಣಿಯನ್ನು ಎಳೆದು ತರಲು ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟರಲ್ಲಿ ಗಾಳಿ ತಿರುಗಿತ್ತು. ಅಣ್ಣನ ಹತ್ತನೆಯ ಗುಂಡು ಎರಡು ಬೆರಳು ಪಕ್ಕಕ್ಕೆ ಸರಿದು ಕಪ್ ಕೈತಪ್ಪಿತು. ದೋಣಿಯಲ್ಲಿ ಸಿಕ್ಕಿದ್ದು ಒಂಟಿ ಚಪ್ಪಲಿ.

ಅಣ್ಣ ನಾಲ್ಕು ತಿಂಗಳು ಮಾತು ಬಿಟ್ಟರು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. "ಅತ್ತಿಗೆ ಮಾತ್ರ ಹಿತ್ತಲ ಬಾಗಿಲಿಂದ ಬಂದು ಹೋಗ್ತಿದ್ರು. ಊಟ ಸೇರ್ತಿರಲಿಲ್ಲ ನನಗೆ," ಎಂದು ನೆನೆಯುತ್ತಾರೆ.

ಕ್ಲಬ್ಬುಗಳ ವರ್ಷದ ಸಭೆಯಲ್ಲಿ ಈ ಕೆಲಸವನ್ನು ಬೇರೆಯವರಿಗೆ ಕೊಡೋಣ ಎಂಬ ಮಾತೆದ್ದಿತು. ಬೇಡವೆಂದು ಮೊದಲು ಎದ್ದುನಿಂತವರು ಅಣ್ಣನೇ. "ನನ್ನ ಗುಂಡನ್ನೇ ನಿಲ್ಲಿಸಿದವಳು, ಇನ್ಯಾರ ಮುಲಾಜು ನೋಡ್ತಾಳೆ? ಅವಳೇ ಇರಲಿ," ಎಂದು ಕುಳಿತರು. ಆ ಮಾತು ಅಲ್ಲಿಗೇ ಬಿತ್ತು.

ಕಡೆಗೂ ದೋಣಿ ಖಾಲಿಯಿತ್ತಲ್ಲ, ಬೇಸರವಿಲ್ಲವೇ ಎಂದು ಕೇಳುತ್ತೇನೆ. ಅವರು ದುರ್ಬೀನನ್ನು ಮತ್ತೆ ಕಣ್ಣಿಗೇರಿಸುತ್ತಾರೆ.

"ಖಾಲಿ ಅಂತ ಗೊತ್ತಾಗಿದ್ದು ಎಳೆದು ತಂದ್ಮೇಲೆ. ನಾಳೆ ಅಂಥದೇ ದೋಣಿ ಬಂದ್ರೂ ನಿಲ್ಲಿಸ್ತೀನಿ."