ಡಾಕ್ಟ್ರಮ್ಮನ ಮಂಟಪಕ್ಕೆ ಹೊಡೆದ ಒಂದು ಸ್ಕ್ರೂ

ನನ್ನ ಗಂಡ ಉಡುಪಿ ಕಡೆಯ ಆಚಾರಿ. ಈ ಪರದೇಶಕ್ಕೆ ಬಂದು ಪೆಟಾಲಿಂಗ್ ಜಯಾದ ಒಂದು ಕಾರ್ಖಾನೆಯಲ್ಲಿ ಕಪಾಟುಗಳಿಗೆ ಸ್ಕ್ರೂ ತಿರುಗಿಸುತ್ತ ಒಂಬತ್ತು ವರ್ಷ ಕಳೆದವರು, ಒಂದು ದಿನ "ಇದು ಆಚಾರಿ ಮಾಡುವ ಕೆಲಸವಾ?" ಎಂದು ಬಿಟ್ಟು ಬಂದರು. ಸ್ವಂತ ಕೆಲಸಕ್ಕೆ ಸಿಕ್ಕ ಮೊದಲ ಗಿರಾಕಿ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಮಣಿಪಾಲದ ಡಾಕ್ಟ್ರಮ್ಮ. ಪಕ್ಕದ ಸುಬಾಂಗ್ ಜಯಾದಲ್ಲಿ, ಹದಿನೇಳನೇ ಮಹಡಿಯ ಅವರ ಹೊಸ ಮನೆಗೆ ದೇವರ ಮಂಟಪ ಬೇಕಿತ್ತು. ಚೆನ್ನಾಗಿ ಆದರೆ ಇಲ್ಲಿನ ಕನ್ನಡದವರೆಲ್ಲ ಕರೆಯುತ್ತಾರೆ, ಕೆಟ್ಟರೆ ಮತ್ತೆ ಕಾರ್ಖಾನೆಯೇ ಗತಿ.

ಇವರ ಹಟವೋ ಹಟ. ಮಂಟಪಕ್ಕೆ ಕಬ್ಬಿಣ ತಾಗಬಾರದು, ಎಲ್ಲ ಮರದ ಬೆಣೆಯಲ್ಲೇ ನಿಲ್ಲಬೇಕು, ಒಮ್ಮೆ ಹೊಡೆದ ಬೆಣೆ ಕೀಳಬಾರದು. ಅಪ್ಪ ಕಲಿಸಿದ್ದಂತೆ! ನಾನು ಒಂದು ಪೊಟ್ಟಣ ಸ್ಕ್ರೂ ತಂದು, "ಬಿಚ್ಚಿ ಜೋಡಿಸುವ ಹಾಗೆ ಮಾಡಿ ಮಾರಾಯ್ರೆ" ಎಂದೆ.

"ದೇವರಿಗೆ ಸ್ಕ್ರೂವಾ? ನಿನಗೆ ಮಂಡೆ ಸರಿ ಉಂಟಾ ಮಾರಾಯ್ತಿ?"

ಪೊಟ್ಟಣ ನನ್ನ ಚೀಲದಲ್ಲೇ ಉಳಿಯಿತು.

ಪಾಲಿಶ್ ಒಣಗಿದ್ದೇ ಗೃಹಪ್ರವೇಶದ ಬೆಳಿಗ್ಗೆ. ಮಂಟಪ ಲಿಫ್ಟಿನ ಬಾಗಿಲಿಗೆ ಬಂತು. ಗೋಡೆ ಅಳೆದಿದ್ದರು, ದೀಪದ ಎತ್ತರ ಅಳೆದಿದ್ದರು, ಕೂತು ಪೂಜೆ ಮಾಡುವ ಡಾಕ್ಟ್ರಮ್ಮನ ಕಣ್ಣಿನ ಮಟ್ಟವನ್ನೂ ಅಳೆದಿದ್ದರು ಈ ಮಹಾನುಭಾವರು. ಲಿಫ್ಟ್ ಅಳೆದಿರಲಿಲ್ಲ. ನೆಟ್ಟಗೂ ಹೋಗಲಿಲ್ಲ, ಅಡ್ಡಕ್ಕೂ ಹೋಗಲಿಲ್ಲ. ಮೆಟ್ಟಿಲಿನ ತಿರುವು ಇನ್ನೂ ಇಕ್ಕಟ್ಟು.

"ಕಟ್ ಲಾ, ಬಾಸ್!" ಎಂದ ಕಾವಲಿನವನು, ಕೈಯಲ್ಲೇ ಗರಗಸ ಎಳೆದು ತೋರಿಸುತ್ತ.

ಇವರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನನಗೆ ನಗು ಬಂತು. ಆಮೇಲೆ ಕಾರ್ಖಾನೆ ನೆನಪಾಗಿ ನಗು ಅಲ್ಲೇ ನಿಂತಿತು.

ಅಲ್ಲೇ ಕೂತರು. ಮರ ಮುಟ್ಟಿ ಕಣ್ಣಿಗೊತ್ತಿಕೊಂಡು, ಬೆಣೆಗಳನ್ನು ಒಂದೊಂದಾಗಿ ಹೊರಗೆ ತಟ್ಟಿ, ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟರು. ಬಿಡಿ ಭಾಗಗಳು ಮೇಲೆ ಹೋಗಿ ಮತ್ತೆ ಮಂಟಪವಾದವು. ಕೊನೆಯ ಬೆಣೆ ಮಾತ್ರ ಹೊಡೆಯುವಾಗ ಸೀಳಿಹೋಯಿತು. ಮುಹೂರ್ತಕ್ಕೆ ಹತ್ತೇ ನಿಮಿಷ. ನನ್ನ ಕಡೆ ನೋಡದೆ ಕೈ ಚಾಚಿದರು. ನಾನೂ ಬಾಯಿ ಬಿಡದೆ ಸ್ಕ್ರೂ ಕೊಟ್ಟೆ. ಬಾಯಿ ಬಿಡದಿರುವುದು ನನಗೆಷ್ಟು ಕಷ್ಟ ಎಂದು ಬಲ್ಲವರೇ ಬಲ್ಲರು.

ಪೂಜೆ ಮುಗಿದ ಮೇಲೆ ಡಾಕ್ಟ್ರಮ್ಮ ಬಂದವರಿಗೆಲ್ಲ ಮಂಟಪ ತೋರಿಸಿದ್ದೇ ತೋರಿಸಿದ್ದು. "ನೋಡಿ, ಒಂದೇ ಒಂದು ಸ್ಕ್ರೂ ಇಲ್ಲ!" ಆಗಲೇ ಇಬ್ಬರು ಇವರ ಫೋನ್ ನಂಬರ್ ಕೇಳುತ್ತಿದ್ದರು. ಸ್ಕ್ರೂ ಇದ್ದದ್ದು ಹಿಂಬದಿ, ಯಾರಿಗೂ ಕಾಣುವಂತಿರಲಿಲ್ಲ. ಸುಮ್ಮನಿರಿ ಎಂದು ಇವರಿಗೆ ಕಣ್ಸನ್ನೆ ಮಾಡಿದೆ. ನನ್ನ ಮಾತು ಯಾವತ್ತು ಕೇಳಿದ್ದಾರೆ?

"ಒಂದು ಉಂಟು ಡಾಕ್ಟ್ರೇ," ಎಂದರು. "ಹಿಂದೆ, ಕೆಳಗೆ. ನನ್ನ ಹೆಂಡ್ತಿ ಮೊದಲೇ ಹೇಳಿದ್ಲು, ನಾನು ಕೇಳ್ಲಿಲ್ಲ. ಈಗ ಮಂಟಪ ನಿಂತದ್ದೇ ಅದರ ಮೇಲೆ."