ಬನ್ನಿ ಎಂಬ ಎರಡಕ್ಷರ

ಇಮಾಂಬಿ ಆಯಿಯ ಬಲಗೈಯ ಎರಡು ಬೆರಳ ತುದಿಗಳು ಸದಾ ನೀಲಿಯಾಗಿರುತ್ತಿದ್ದವು. ಅಂಟಿಗೆ ಹುಳು ಹತ್ತಬಾರದೆಂದು ಗೋದಿಹಿಟ್ಟಿನ ಗಂಜಿಯಲ್ಲಿ ಮೈಲುತುತ್ತ ಕಲಸುವುದು ಅವಳ ಗಂಡನ ಕಾಲದ ರೂಢಿ. ಆತ ಬಾಗಲಕೋಟೆಯ ಪೇಟೆಯಲ್ಲಿ ಪುಸ್ತಕ ಕಟ್ಟುತ್ತಿದ್ದವನು. ಪ್ಲೇಗು ಬಂದ ವರ್ಷ ಆತನೂ ಹೋದ, ಇದ್ದೊಬ್ಬ ಮಗಳೂ ಹೋದಳು. ಉಳಿದದ್ದು ಪುಸ್ತಕ ಒತ್ತುವ ಎರಡು ಭಾರದ ಹಲಗೆ, ಮೂಲೆಯಲ್ಲೊಂದು ರಾಶಿ ದಪ್ಪ ಕಾಗದದ ತುಂಡು, ಮತ್ತು ಆಯಿ.

ಆ ಹಲಗೆಗಳ ನಡುವೆ ಅವಳು ಹೂ ಒತ್ತುತ್ತಿದ್ದಳು. ಹೊಲದ ಅಗಸಿ ಹೂ, ಕುಸುಬಿಯ ಎಸಳು, ದಾರಿ ಬದಿಯ ತಂಗಡಿ. ಎಂಟು ದಿನ ಒತ್ತಿಟ್ಟು ಕಾಗದಕ್ಕೆ ಅಂಟಿಸಿದರೆ ಹಬ್ಬದ ಓಲೆ ಸಿದ್ಧ. ಈದಿಗೆ, ಸಂಕ್ರಾಂತಿಗೆ ನಮ್ಮ ಓಣಿಯವರು ಪರವೂರಿಗೆ ಕೊಟ್ಟ ಹೆಣ್ಣುಮಕ್ಕಳಿಗೆ ಕಳಿಸುತ್ತಿದ್ದುದು ಇದನ್ನೇ. ದಸರೆಯ ಓಲೆಯಲ್ಲಿ ಮಾತ್ರ ಬನ್ನಿ ಎಲೆ ಇರಲೇಬೇಕು. ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ಎಲೆ, ಕೈಗೆ ಸಿಗದವರಿಗೆ ಅಂಚೆಯಲ್ಲಿ ಹೋಗುತ್ತಿತ್ತು. ಓಣಿಗೆಲ್ಲ ಓಲೆ ಮಾಡಿಕೊಡುತ್ತಿದ್ದ ಆಯಿಗೆ ತಾನು ಕಳಿಸಲು ಒಂದು ವಿಳಾಸವೂ ಇರಲಿಲ್ಲ.

ಒಣಗಿದ ಹೂವು ಬಣ್ಣ ಕಳೆದುಕೊಂಡರೆ ಗುರುತು ಹತ್ತುವುದಿಲ್ಲ. ಅದಕ್ಕೇ ಪ್ರತಿಯೊಂದರ ಕೆಳಗೂ ಹೆಸರು ಬರೆಯಬೇಕೆಂಬುದು ಅವಳ ಹಟ. “ಹೂವು ಸತ್ತ ಮ್ಯಾಲೆ ಹೆಸರರೆ ಉಳೀಬೇಕಲ್ಲ ಗಂಗಿ” ಎನ್ನುವಳು. ಸಾಲೆಗೆ ಹೋಗುತ್ತಿದ್ದ ನಾನೇ ಅವಳಿಗೆ ಪಂತೋಜಿ. ಐದಾರು ಹೆಸರು ಕಲಿತು ಪಾಟಿ ಕೆಳಗಿಟ್ಟಳು. ನಿನ್ನ ಹೆಸರನ್ನೂ ಕಲಿ ಎಂದರೆ, ನಾನೇನು ಒಣಗಿದ ಹೂವೇನು ಎಂದು ನನ್ನ ಬಾಯಿ ಮುಚ್ಚಿಸಿದಳು.

ಪಕ್ಕದ ಮನೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದ ಸಾವಿತ್ರಮ್ಮನವರು ಮೈಸೂರು ಸೀಮೆಯವರು. ಗಂಡನಿಗೆ ರೈಲು ಸ್ಟೇಶನ್ನಿನಲ್ಲಿ ಕೆಲಸ. ಅವರಿಗೆ ಗದಗಕ್ಕೆ ವರ್ಗವಾದ ವರ್ಷ ಆಯಿ ತನ್ನದೇ ಅಂತ ಮೊದಲ ಓಲೆ ಕಳಿಸಿದಳು. ಒಂದೇ ಒಂದು ಬನ್ನಿ ಎಲೆ, ಕೆಳಗೆ ಅದರ ಹೆಸರು. ಲಕೋಟೆಯ ಮೇಲೆ ವಿಳಾಸವನ್ನೂ ಕಳಿಸಿದವಳ ಹೆಸರನ್ನೂ ನಾನು ಬರೆದೆ. ದಸರೆ ಮುಗಿದ ನಾಲ್ಕನೆಯ ದಿನ ಸಾವಿತ್ರಮ್ಮನವರು ಗಂಟು ಹಿಡಿದು ಆಯಿಯ ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳಿಚಿತ್ತು.

“ಬನ್ನಿ ಅಂತ ಬರೆದಿದ್ದಿರಲ್ಲ, ಏನಾಯ್ತೋ ಅಂತ ಮೊದಲ ರೈಲಿಗೇ ಹೊರಟುಬಂದೆ” ಎಂದರು.

ಎಲೆ ದಾರಿಯಲ್ಲೆಲ್ಲೋ ಉದುರಿತ್ತು. ನಮ್ಮ ಕಡೆ ಬರ್ರಿ ಎನ್ನುತ್ತೇವೆ; ಮೈಸೂರು ಕಡೆ ಬನ್ನಿ ಎಂದೇ ಜನರನ್ನು ಕರೆಯುತ್ತಾರೆಂಬುದು ಆಯಿಗೆ ತಿಳಿಯದು. ನನಗೋ ಜಾಣತನ ತೋರಿಸುವ ಚಪಲ. ಕಾಗದದ ಮೇಲೆ ಉಳಿದ ಅಂಟಿನ ನೀಲಿ ಕಲೆಗೆ ಬೆರಳಿಟ್ಟು, ಎಲೆ ಇಲ್ಲೇ ಇತ್ತು ನೋಡ್ರಿ ಎಂದೆ. ಸಾವಿತ್ರಮ್ಮನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೂ ಮೂರು ದಿನ ಇದ್ದರು. ಉಂಡದ್ದು, ಮಲಗಿದ್ದು ನಮ್ಮ ಮನೆಯಲ್ಲಿ. ಕೂತದ್ದೆಲ್ಲ ಆಯಿಯ ಕಟ್ಟೆಯ ಮೇಲೆ.

ಅವರನ್ನು ಕಳಿಸಿ ಬಂದ ಮೇಲೆ ಆಯಿ ಮತ್ತೆ ಹಲಗೆ ಬಿಚ್ಚಿ ಕೂತಳು. ಆಮೇಲೆ, “ಇಷ್ಟು ವರ್ಷ ಬರದೇನಿ. ಈ ಎರಡಕ್ಷರಕ್ಕ ಮನಿಗೆ ಮಂದಿ ಬರ್ತಾರಂತ ಗೊತ್ತ ಇರಲಿಲ್ಲ ನೋಡು” ಎಂದಳು.

ಮರುವರ್ಷ ಸಾವಿತ್ರಮ್ಮನವರು ತಮ್ಮ ಸೀಮೆಗೇ ಹೊರಟುಹೋದರು. ನನ್ನನ್ನು ಇಳಕಲ್ಲಿಗೆ ಕೊಟ್ಟರು. ಅಮೀನಗಡ, ಹುನಗುಂದ ದಾಟಿ ಎರಡು ದಿನದ ಬಂಡಿ ದಾರಿ. ಪ್ರತಿ ದಸರೆಗೆ ಆಯಿಯ ಓಲೆ ಬರುತ್ತಿತ್ತು, ವಿಳಾಸ ಓಣಿಯಲ್ಲಿ ಯಾರೋ ಬರೆದುಕೊಟ್ಟದ್ದು. ನಾನೂ ಉತ್ತರ ಬರೆಯುತ್ತಿದ್ದೆ. ಅದನ್ನು ಅವಳಿಗೆ ಯಾರು ಓದಿ ಹೇಳುತ್ತಾರೆಂದು ಒಮ್ಮೆಯೂ ಯೋಚಿಸಲಿಲ್ಲ.

ನಾಲ್ಕನೆಯ ದಸರೆಯ ಓಲೆಯಲ್ಲಿ ಎಲೆ ಇರಲಿಲ್ಲ, ಹೆಸರಷ್ಟೇ ಇತ್ತು. ಲಕೋಟೆ ಝಾಡಿಸಿದೆ, ಪುಡಿಯೂ ಬೀಳಲಿಲ್ಲ. ಈ ಸಲವೂ ಉದುರಿತೆಂದುಕೊಂಡು ಅತ್ತೆಗೆ ಸಾವಿತ್ರಮ್ಮನವರ ಕತೆ ಹೇಳಿ ನಗಿಸಿದೆ. ಆಯಿ ನನ್ನನ್ನು ಯಾವತ್ತೂ ಬಾ ಎಂದೇ ಕರೆದವಳು. ಬನ್ನಿ ಎಂದರೆ ನನ್ನ ಪಾಲಿಗೆ ಎಲೆಯೇ.

ಕಾರ್ತಿಕದಲ್ಲಿ ಅಪ್ಪ ಬಂದಾಗ ಮಾತಿನ ನಡುವೆ ಇಮಾಂಬಿ ತೀರಿಕೊಂಡಳೆಂದು ಹೇಳಿದ. ಹಬ್ಬಕ್ಕೂ ಮೊದಲೇ ಜ್ವರ ಹಿಡಿದಿತ್ತಂತೆ.

“ಹುನಗುಂದದ ಕಡಿಂದ ಬಂಡಿ ಬಂದ್ರ ಸಾಕು, ಗಂಗಿ ಬಂದಳೇನು ಅಂತ ಕೇಳ್ತಿದ್ದಳು. ನೀ ಏನರೆ ಬರ್ತೇನಿ ಅಂತ ಬರದಿದ್ದಿಯೇನು?” ಎಂದು ಕೇಳಿದ.

ನಾನು ಒಳಗೆ ಹೋಗಿ ಪೆಟ್ಟಿಗೆಯಿಂದ ಆ ಓಲೆ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಬೆರಳಾಡಿಸಿ ನೋಡಿದೆ. ಕಾಗದದ ಮೇಲೆ ನೀಲಿ ಕಲೆ ಎಲ್ಲಿಯೂ ಇರಲಿಲ್ಲ. ಆಯಿ ಎಲೆ ಅಂಟಿಸಿರಲೇ ಇಲ್ಲ. ಐದಾರು ಹೂವಿನ, ಎಲೆಯ ಹೆಸರು ಬಿಟ್ಟು ನಾನು ಅವಳಿಗೆ ಬೇರೇನೂ ಕಲಿಸಿರಲಿಲ್ಲ, ಇದ್ದುದರಲ್ಲೇ ಕರೆದಿದ್ದಳು.